ನೀರು ಇಳಿದಲ್ಲಿ ನರಿ

ಕೆರೆಬೇಟೆ ಮುಗಿದ ಮರುದಿನ ಬೆಳಿಗ್ಗೆ ಆ ಕೆರೆಯ ಕಡೆ ಯಾರೂ ತಲೆ ಹಾಕುವುದಿಲ್ಲ. ಹಿಂದಿನ ದಿನ ನೂರಾರು ಜನ ಕೂಣಿ ಹಿಡಿದು ಒಟ್ಟಿಗೇ ನುಗ್ಗಿ ಕಲಕಿದ ಕೆಸರು ಇನ್ನೂ ತಳ ಸೇರಿರುವುದಿಲ್ಲ. ದಡದಲ್ಲಿ ಕಿತ್ತುಹೋದ ಚಪ್ಪಲಿ, ಖಾಲಿ ಬೀಡಿ ಕಟ್ಟು, ಯಾರದೋ ಕಾಲಡಿ ಸಿಕ್ಕಿ ಸತ್ತ ಬೆರಳುದ್ದದ ಮೀನುಗಳು. ಸೊರಬ ತಾಲ್ಲೂಕಿನ ಅಂಥದೊಂದು ಕೆರೆಯಂಗಳಕ್ಕೆ ನಾನು ಬೆಳಗಾಗುವ ಹೊತ್ತಿಗೆ ಹೋದದ್ದು ಹಿಂದಿನ ದಿನ ಮರೆತುಬಂದ ಟಾರ್ಚ್ ಹುಡುಕಲು. ಟಾರ್ಚ್ ಸಿಗಲಿಲ್ಲ. ಹೆಜ್ಜೆಗಳು ಸಿಕ್ಕವು.

ಜನರ ತುಳಿತದ ಮೇಲೇ ಇನ್ನೊಂದು ಸಾಲು. ನೀರಿನ ಅಂಚಿನಿಂದ ಒಂದು ಮಾರು ದೂರ ಬಿಟ್ಟು, ಅಂಚು ತಿರುಗಿದ ಕಡೆ ತಾನೂ ತಿರುಗಿ, ಹೋಗಿದೆ. ಅಲ್ಲಲ್ಲಿ ನಿಂತಿದೆ, ಕೆದರಿದೆ, ಮತ್ತೆ ಹೊರಟಿದೆ. ನಾಯಿ ಇರಬೇಕೆಂದುಕೊಂಡೆ. ಕುಕ್ಕರಗಾಲಲ್ಲಿ ಕೂತು ನೋಡಿದ ಮೇಲೆ ಅಲ್ಲ ಅನಿಸಿತು. ನಾಯಿಯ ಮುಂಗಾಲಿನ ನಡುವಿನ ಎರಡು ಬೆರಳುಗಳ ಮೆತ್ತೆ ಬೇರೆ ಬೇರೆಯಾಗಿ ಮೂಡುತ್ತವೆ. ನರಿಯ ಆ ಎರಡು ಮೆತ್ತೆಗಳು ಬುಡದಲ್ಲಿ ಕೂಡಿಕೊಂಡಿರುತ್ತವೆ. ನೀರು ತುಂಬಿದ ಕೆಸರಿನಲ್ಲಿ ಅದು ತಿಳಿಯುವುದಿಲ್ಲ, ಒಣಗಿ ಬಿರುಕುಬಿಟ್ಟ ಮೇಲೂ ತಿಳಿಯುವುದಿಲ್ಲ. ನಡುವೆ ಬೆಣ್ಣೆಯ ಹದವೊಂದಿದೆ, ಆಗ ಅಚ್ಚು ಒತ್ತಿಟ್ಟ ಹಾಗೆ ಕಾಣುತ್ತದೆ. ನಡಿಗೆಯೂ ಬೇರೆ. ಊರನಾಯಿ ಅಡ್ಡಾದಿಡ್ಡಿ ಸುತ್ತಿ, ಕಂಡದ್ದನ್ನೆಲ್ಲ ಮೂಸಿ, ವಾಪಸ್ ಬಂದು ಮತ್ತೆ ಮೂಸುತ್ತದೆ. ಇದು ಕೂಲಿಗೆ ಹೊರಟವರ ಹಾಗೆ ಒಂದೇ ಗೀಟಿನಲ್ಲಿ ಹೋಗಿತ್ತು. ಸಾಲು ಮುಗಿದಲ್ಲಿ ಏಡಿಯ ಬಿಲ. ಬಿಲದ ಬಾಯಿ ಕಿತ್ತು ಅಗಲವಾಗಿತ್ತು. ಪಕ್ಕದಲ್ಲಿ ಒಂದು ಕತ್ತರಿಗಾಲು, ಬೆನ್ನಿನ ಚಿಪ್ಪಿನ ಅರ್ಧ.

“ಎಂತ ಹುಡುಕ್ತಿದೀಯ ಮಾರಾಯ?” ಏರಿಯ ಮೇಲೆ ದನ ಹೊಡೆದುಕೊಂಡು ಹೋಗುತ್ತಿದ್ದ ಹಿರಿಯರು ಕೇಳಿದರು. ನರಿ ಬಂದುಹೋಗಿದೆ ಅಂದೆ. “ಬರದೆ ಎಂತ? ನಿನ್ನೆ ನಮ್ಮ ಬೇಟೆ, ರಾತ್ರಿ ಅದರ ಬೇಟೆ” ಎಂದು ಹೇಳಿ, ಅದರಲ್ಲೇನು ವಿಶೇಷ ಎನ್ನುವಂತೆ ದನದ ಹಿಂದೆ ನಡೆದರು.

ಕೆರೆಬೇಟೆ ಸೊರಬ, ಸಾಗರ, ಶಿಕಾರಿಪುರ, ಘಟ್ಟದಂಚಿನ ಸಿದ್ದಾಪುರ, ಶಿರಸಿಗಳ ಹಳ್ಳಿಗಳಲ್ಲಿ ಬೇಸಿಗೆಯ ದೊಡ್ಡ ಸಂಭ್ರಮ. 2024ರಲ್ಲಿ ಅದೇ ಹೆಸರಿನ ಚಲನಚಿತ್ರ ಬಂದ ಮೇಲೆ ಬೆಂಗಳೂರಿನವರಿಗೂ ಹೆಸರು ಗೊತ್ತಾಗಿದೆ. ಕೂಣಿ ಎಂದರೆ ಬಿದಿರಿನ ಕಡ್ಡಿಯಲ್ಲಿ ಹೆಣೆದ, ಕೆಳಗೆ ಅಗಲ ಮೇಲೆ ಕಿರಿದಾದ, ಎರಡೂ ಕಡೆ ಬಾಯಿರುವ ಬುಟ್ಟಿ. ಮೊಣಕಾಲುದ್ದ ನೀರಿನಲ್ಲಿ ಅದನ್ನು ಒತ್ತಿ ಊರಿ, ಮೇಲಿನ ಬಾಯಿಂದ ಕೈ ಇಳಿಸಿ ಒಳಗೆ ಸಿಕ್ಕ ಮೀನನ್ನು ತಡವಿ ಹಿಡಿಯಬೇಕು. ಕೆರೆ ತುಂಬಿದ್ದಾಗ ಇದು ಆಗುವ ಕೆಲಸವಲ್ಲ. ನೀರು ಇಳಿದು, ವರ್ಷವಿಡೀ ಹರಡಿಕೊಂಡಿದ್ದ ಮೀನೆಲ್ಲ ಗುಂಡಿಯಲ್ಲಿ ಒತ್ತೊತ್ತಾಗಿ ಸೇರಬೇಕು. ಬೇಟೆಯ ಗುಟ್ಟೆಲ್ಲ ಆ ಇಳಿತದಲ್ಲಿದೆ, ಅದು ಮನುಷ್ಯರಿಗೆ ತಿಳಿದಷ್ಟೇ ನರಿಗೂ ತಿಳಿದಿದೆ.

ಈಗ ಹೆಸರಿನ ತಕರಾರು. ಪಠ್ಯಪುಸ್ತಕದಲ್ಲಿ ದ್ರಾಕ್ಷಿ ಹುಳಿ ಎಂದ ನರಿ, ರಾತ್ರಿ ಗದ್ದೆಯಾಚೆ ಊಳಿಡುವ ನರಿ, ಎರಡೂ ಕನ್ನಡದಲ್ಲಿ ಒಂದೇ. ಪ್ರಾಣಿಶಾಸ್ತ್ರದಲ್ಲಿ ಬೇರೆ ಬೇರೆ. ಗುಂಪಾಗಿ ಕೂಗುವುದು ತೋಳದ ಹತ್ತಿರದ ಬಳಗ, 8ರಿಂದ 11 ಕಿಲೋ ತೂಗುವ ಪ್ರಾಣಿ. ಗುಳ್ಳೆನರಿ ಎಂದೂ ಕರೆಯುವುದುಂಟು. ಇನ್ನೊಂದು ಚಿಕ್ಕದು, 2–3 ಕಿಲೋ, ದೊಡ್ಡ ಕಿವಿ, ಮೈಗೆ ಹೋಲಿಸಿದರೆ ವಿಪರೀತ ಉದ್ದವಾದ ಪೊದೆಬಾಲ, ಬಾಲದ ತುದಿ ಕಪ್ಪು. ಅದು ಊಳಿಡುವುದಿಲ್ಲ, ಚುರುಕಾಗಿ ಬೊಗಳುತ್ತದೆ. 1867ರಲ್ಲಿ ಭಾರತದ ಸಸ್ತನಿಗಳ ಬಗ್ಗೆ ಬರೆದ ಜೆರ್ಡನ್ ಈ ಚಿಕ್ಕದಕ್ಕೆ ಕನ್ನಡದಲ್ಲಿ ಕೊಂಕ, ಕೆಂಪುನರಿ, ಚಂದಕ ನರಿ ಎಂದು ಮೂರು ಹೆಸರು ದಾಖಲಿಸಿದ್ದಾನೆ. ಈಗ ಆ ಹೆಸರುಗಳನ್ನು ಹೇಳಿದರೆ ತಿರುಗಿ ನೋಡುವವರು ಕಡಿಮೆ. ಹೆಸರು ಬಿಟ್ಟುಹೋದ ಪ್ರಾಣಿ ಕಣ್ಣಿಗೂ ಕಾಣದೆ ಹೋಗುತ್ತದೆ ಎಂಬುದು ನನ್ನ ಅನುಮಾನ.

ಎರಡೂ ನರಿಗಳ ನಡುವಿನ ಗಡಿ ಹೆಚ್ಚುಕಡಿಮೆ ಸೊರಬ, ಶಿಕಾರಿಪುರ ತಾಲ್ಲೂಕುಗಳ ಆಸುಪಾಸಿನಲ್ಲೇ ಹಾದುಹೋಗುತ್ತದೆ. ಸೊರಬದ ಪಡುವಣ ಅಂಚು ಮಲೆನಾಡು. ಶಿಕಾರಿಪುರ ದಾಟಿ ಮೂಡಣಕ್ಕೆ ಹೋದಂತೆ ಮರ ಕುಳ್ಳಾಗಿ, ನೆಲ ಬಯಲಾಗಿ, ರಾಣೆಬೆನ್ನೂರಿನ ಹೊತ್ತಿಗೆ ಕೃಷ್ಣಮೃಗದ ಸೀಮೆ ಬಂದುಬಿಡುತ್ತದೆ. ಕೊಂಕನಿಗೆ ಬೇಕಾದದ್ದು ಆ ಒಣ ಬಯಲು. ಸೊರಬದ ಕಾನು, ಕೆರೆ, ಗದ್ದೆಗಳು ಗುಳ್ಳೆನರಿಯವು. ಶಿಕಾರಿಪುರ ಎಂಬ ಹೆಸರಿಗೇ ಬೇಟೆಯ ನಂಟು. ಹಿಂದೆ ಮಹಾದಾನಪುರ ಎನ್ನುತ್ತಿದ್ದ ಊರಿನ ಸುತ್ತ ಶಿಕಾರಿ ಸಮೃದ್ಧವಾಗಿ ಸಿಕ್ಕಿದ್ದಕ್ಕೆ ಹೈದರನೋ ಟಿಪ್ಪುವೋ ಈ ಹೆಸರಿಟ್ಟರೆಂದು ಹಳೆಯ ಮೈಸೂರು ಗೆಜೆಟಿಯರ್ ಹೇಳುತ್ತದೆ. ಅವರ ಶಿಕಾರಿಯ ಲೆಕ್ಕದಲ್ಲಿ ನರಿ ಬಂದಿರಲಾರದು. ನರಿಯನ್ನು ಹೊಡೆದವನಿಗೆ ಯಾವ ಆಸ್ಥಾನದಲ್ಲೂ ಮರ್ಯಾದೆಯಿರಲಿಲ್ಲ.

ಇದೇ ತಾಲ್ಲೂಕಿನ ಬಳ್ಳಿಗಾವಿ ಕಲ್ಯಾಣದ ಚಾಲುಕ್ಯರ ಕಾಲದಲ್ಲಿ ದೇವಾಲಯ, ಮಠ, ವಿದ್ಯೆಗಳಿಂದ ತುಂಬಿದ ಪಟ್ಟಣ. ಆ ವಂಶದ ಜಯಸಿಂಹನ ಆಳ್ವಿಕೆಯಲ್ಲೇ, 1031ರ ಸುಮಾರಿಗೆ, ದುರ್ಗಸಿಂಹ ಪಂಚತಂತ್ರವನ್ನು ಕನ್ನಡಕ್ಕೆ ತಂದ. ಆ ಕಥೆಗಳ ನರಿಗಳು ಮಂತ್ರಿಗಳು, ಸಂಚುಗಾರರು, ಮಾತಿನ ಮಲ್ಲರು. ಕೆಸರಿನಲ್ಲಿ ಏಡಿ ಹುಡುಕಿ ಹೊಟ್ಟೆ ಹೊರೆಯುವ ನರಿಗೆ ಇಷ್ಟೊಂದು ರಾಜಕೀಯ ಹೊರಿಸಿದ್ದು ನಾವೇ. ‘ನರಿಬುದ್ಧಿ’ ಎಂದು ಬೈಯುವಾಗ ನಮ್ಮ ಕಣ್ಣ ಮುಂದಿರುವುದು ಪುಸ್ತಕದ ನರಿ. ಬಿಸಿಲಲ್ಲಿ ಮಳೆ ಬಂದಾಗ ಕಾಗೆಯ ಜೊತೆ ಮದುವೆ ಮಾಡಿಸುತ್ತೇವಲ್ಲ, ಆ ನರಿಯೇ ವಾಸಿ.

ಸೊರಬದ ಕಾನುಗಳ ಬಗ್ಗೆ ಒಂದು ಲೆಕ್ಕವಿದೆ. 1868ರಲ್ಲಿ ಬ್ರಾಂಡಿಸ್ ಮತ್ತು ಗ್ರಾಂಟ್ ಎಂಬ ಇಬ್ಬರು ಅಧಿಕಾರಿಗಳು ಈ ತಾಲ್ಲೂಕಿನ ಕಾನುಗಳನ್ನು ಕುರಿತು ವರದಿ ಬರೆದರು. ಅವರ ಎಣಿಕೆಯಲ್ಲಿ 171 ಕಾನುಗಳು, ಒಟ್ಟು ಸುಮಾರು 13,000 ಹೆಕ್ಟೇರ್. ಗದ್ದೆಬಯಲಿನ ನಡುವೆ ನಿಂತ ದಟ್ಟ ಹಸಿರು ಕಾಡಿನ ತುಂಡುಗಳವು. ಒಳಗೆ ದೇವರು, ಜೇನು, ಕಾಳುಮೆಣಸಿನ ಬಳ್ಳಿ, ನೀರಿನ ಒರತೆ. ಕಾನಿನ ಕೆಳಗೆ ಕೆರೆ, ಕೆರೆಯ ಕೆಳಗೆ ಗದ್ದೆ. ನರಿಗೆ ಇದಕ್ಕಿಂತ ಅನುಕೂಲದ ಮನೆ ಸಿಗಲಿಕ್ಕಿಲ್ಲ. ಹಗಲು ಕಾನಿನಂಚಿನ ಪೊದೆಯಲ್ಲಿ ಮಲಗಿ, ಕತ್ತಲಾದ ಮೇಲೆ ಕೆರೆಗೆ ಇಳಿಯಬಹುದು. ಬನವಾಸಿ ದಾರಿಯ ಗುಡವಿಯಲ್ಲಿ ಮಳೆಗಾಲದಲ್ಲಿ ಕೆಂಬರಲು, ಬೆಳ್ಳಕ್ಕಿಗಳು ಸಾವಿರಗಟ್ಟಲೆ ಗೂಡು ಕಟ್ಟುತ್ತವೆ. ಅಂಥ ಜಾಗದಲ್ಲಿ ಗೂಡಿಂದ ಬಿದ್ದ ಮರಿ, ತಾಯಿಯ ಕೊಕ್ಕಿನಿಂದ ಜಾರಿದ ಮೀನು ದಂಡೆಗೆ ಬರುತ್ತವೆ. ಪಕ್ಷಿ ನೋಡಲು ಬಂದವರು ತಲೆಯೆತ್ತಿ ನೋಡುತ್ತಾರೆ. ನರಿ ತಲೆ ತಗ್ಗಿಸಿ ನೋಡುತ್ತದೆ.

ನರಿ ಏಡಿ ಹಿಡಿಯುವ ಬಗೆ ಚಿಕ್ಕಂದಿನಲ್ಲಿ ಕೇಳಿದ್ದು ಹೀಗೆ: ಬಿಲದ ಬಾಯಿಗೆ ಹಿಮ್ಮುಖವಾಗಿ ಕೂತು ಬಾಲವನ್ನು ಒಳಗೆ ಇಳಿಬಿಡುತ್ತದೆ, ಏಡಿ ಸಿಟ್ಟಿನಿಂದ ಕಚ್ಚುತ್ತದೆ, ನರಿ ನೋವು ನುಂಗಿಕೊಂಡು ಛಂಗನೆ ಹಾರಿ ಏಡಿಯನ್ನು ಹೊರಗೆಳೆಯುತ್ತದೆ. ಅಜ್ಜಿಯರು ಹೇಳುವಾಗ ನರಿಯ ಮುಖದ ಕಷ್ಟವನ್ನೂ ಅಭಿನಯಿಸಿ ತೋರಿಸುತ್ತಿದ್ದರು. ಕಥೆ ಚೆನ್ನಾಗಿದೆ, ನಾನಂತೂ ನಂಬುವುದಿಲ್ಲ. ಆ ದಿನ ಕಂಡ ಬಿಲವನ್ನು ಪಂಜದಲ್ಲಿ ಕೆದರಿ ತೆಗೆದಿತ್ತು. ಬಾಲದ ಗುರುತು ಎಲ್ಲೂ ಇರಲಿಲ್ಲ. ಏಡಿಯೇನೂ ರಾತ್ರಿಯೆಲ್ಲ ಬಿಲದಲ್ಲಿ ಕೂತಿರುವುದಿಲ್ಲ, ಕತ್ತಲಾದರೆ ತಾನೇ ಹೊರಗೆ ಬರುತ್ತದೆ. ಕಾಯುವ ತಾಳ್ಮೆಯಿದ್ದವರಿಗೆ ಬಾಲ ಕಚ್ಚಿಸಿಕೊಳ್ಳುವ ಅಗತ್ಯವಿಲ್ಲ.

ಏನು ತಿಂದಿತೆಂದು ತಿಳಿಯಲು ನಂಬಿಕಸ್ಥ ಸಾಕ್ಷಿ ಲದ್ದಿ. ನರಿ ಅದನ್ನು ಮರೆಯಲ್ಲಿ ಹಾಕುವುದಿಲ್ಲ. ಏರಿಯ ಮೇಲೆ, ದಾರಿ ಕೂಡುವಲ್ಲಿ, ಎತ್ತರದ ಕಲ್ಲಿನ ಮೇಲೆ, ನಾಲ್ಕು ಜನ ನೋಡುವ ಹಾಗೆ ಹಾಕುತ್ತದೆ. ಒಣಗಿದ್ದನ್ನು ಕಡ್ಡಿಯಲ್ಲಿ ಬಿಡಿಸಿದರೆ ಬೇಸಿಗೆಯದ್ದರಲ್ಲಿ ಕಂದುಬಣ್ಣದ ಏಡಿಚಿಪ್ಪಿನ ಚೂರು, ಇಲಿಯ ಕೂದಲು, ಜೀರುಂಡೆಯ ರೆಕ್ಕೆ, ಬೋರೆಹಣ್ಣಿನ ಬೀಜ. ಮುಂಗಾರಿಗೆ ಮುಂಚೆ ನೇರಳೆ ಬೀಜ ಬರುತ್ತದೆ. ಜೋಳದ ಕಾಲದಲ್ಲಿ ಮೆಕ್ಕೆಜೋಳ. ಮೊದಲ ದೊಡ್ಡ ಮಳೆಗೆ ಹತ್ತುಮೀನು ಹೊರಟಾಗ, ಕೆರೆಯಿಂದ ಕಾಲುವೆಗೆ, ಕಾಲುವೆಯಿಂದ ಗದ್ದೆಗೆ ಮೀನು ಏರುವ ಆ ಒಂದೆರಡು ರಾತ್ರಿ, ನಾವು ಲೈಟು, ಕತ್ತಿ ಹಿಡಿದು ಬದುವಿನ ಮೇಲೆ ಓಡಾಡುತ್ತಿರುತ್ತೇವೆ. ಸ್ವಲ್ಪ ದೂರದಲ್ಲಿ ಎರಡು ಕಣ್ಣು ಲೈಟಿಗೆ ಹೊಳೆದು ಆರುತ್ತವೆ.

ಸೊರಬದಿಂದ ಕಡಲು, ಹಕ್ಕಿ ಹಾರಿದ ಲೆಕ್ಕದಲ್ಲಿ, ಸುಮಾರು 70 ಕಿಲೋಮೀಟರ್. ಆದರೂ ನಮ್ಮ ನೀರು ಆ ಕಡಲಿಗೆ ಬೆನ್ನು ಹಾಕಿದೆ. ಪಕ್ಕದ ಸಾಗರದ ಶರಾವತಿ ಜೋಗದಲ್ಲಿ ಧುಮುಕಿ ಹೊನ್ನಾವರಕ್ಕೆ ಹೋಗುತ್ತಾಳೆ. ಸೊರಬದ ವರದೆ, ಶಿಕಾರಿಪುರದ ಕುಮುದ್ವತಿ ಮಾತ್ರ ಉತ್ತರಕ್ಕೆ, ಮೂಡಣಕ್ಕೆ ಹರಿದು ತುಂಗಭದ್ರೆಯನ್ನು ಸೇರಿ, ಕೃಷ್ಣೆಯ ಜೊತೆ ಆಂಧ್ರವನ್ನೆಲ್ಲ ದಾಟಿ ಹಂಸಲದೀವಿಯ ಬಳಿ ಬಂಗಾಳ ಕೊಲ್ಲಿಗೆ ಬೀಳುತ್ತವೆ. ಕೃಷ್ಣೆಯ ಆ ಮುಖಜಭೂಮಿಯ ಕಾಂಡ್ಲಾಗಿಡಗಳ ನಡುವೆ ಮೀನುಬೆಕ್ಕುಗಳಿವೆ, ನರಿಗಳಿವೆ, ಮರಳಿನಲ್ಲಿ ಆಮೆಗಳು ಮೊಟ್ಟೆಯಿಡುತ್ತವೆ. ನಮ್ಮ ಕೆರೆಯ ಕೋಡಿ ಬಿದ್ದ ನೀರಿನ ಕೊನೆಯಲ್ಲೂ ಒಂದು ನರಿ ದಂಡೆ ಮೂಸುತ್ತಿದೆ ಎಂದು ನೆನೆದರೆ ನನಗೆ ಏನೋ ಖುಷಿ.

ಹತ್ತಿರದ ಕಡಲನ್ನು ನೋಡುವುದಾದರೆ ಹೊನ್ನಾವರದ ಕಾಸರಕೋಡು ಟೊಂಕದ ಮರಳಿಗೆ ಹೋಗಬೇಕು. ಚಳಿಗಾಲದಿಂದ ಬೇಸಿಗೆಯ ತನಕ ಆಲಿವ್ ರಿಡ್ಲಿ ಆಮೆಗಳು ರಾತ್ರಿ ಹತ್ತಿ ಬಂದು, ಮೊಳದಷ್ಟು ಆಳ ತೋಡಿ, ನೂರರ ಆಸುಪಾಸು ಮೊಟ್ಟೆಯಿಟ್ಟು, ಮುಚ್ಚಿ ಹೋಗುತ್ತವೆ. ಮರಿ ಬರಲು 45ರಿಂದ 55 ದಿನ. ಅಷ್ಟು ದಿನ ಮೊಟ್ಟೆ ಉಳಿಯಬೇಕಲ್ಲ. ಆಮೆಮೊಟ್ಟೆಗೆ ಕಾದು ಕೂತವರಲ್ಲಿ ನಾಯಿ, ನರಿ, ಉಡ, ಕಾಡುಹಂದಿ ಎಲ್ಲ ಇವೆ. ಹಿಂದೆ ಮನುಷ್ಯರೂ ಇದ್ದರು. ಹೊಸ ಗೂಡಿನ ವಾಸನೆ ಮೊದಲ ರಾತ್ರಿಗಳಲ್ಲಿ ಎದ್ದು ಹೊಡೆಯುತ್ತದೆ, ತೋಡುವವರು ಹೆಚ್ಚಾಗಿ ಆಗಲೇ ತೋಡುತ್ತಾರೆ. ಈಗ ಅರಣ್ಯ ಇಲಾಖೆಯವರೂ ಮೀನುಗಾರರೂ ಸೇರಿ ಗೂಡು ಗುರುತಿಸಿ ಸುತ್ತ ಬಲೆ ಕಟ್ಟುತ್ತಾರೆ. ಅಲ್ಲಿ ನರಿ ಖಳನಾಯಕ.

ಕಡಲಂಚು ನರಿಗೆ ಯಾಕೆ ರುಚಿ ಎನ್ನುವುದು ನನಗೆ ಅರ್ಥವಾದದ್ದು ಕೆರೆಬೇಟೆಯಿಂದಲೇ. ನಮ್ಮ ಕೆರೆ ವರ್ಷಕ್ಕೊಮ್ಮೆ ಇಳಿಯುತ್ತದೆ. ಕಡಲು ದಿನಕ್ಕೆ ಎರಡು ಸಲ ಇಳಿಯುತ್ತದೆ. ಪ್ರತಿ ಇಳಿತಕ್ಕೂ ಬಂಡೆಯ ಹೊಂಡದಲ್ಲಿ ಸಿಕ್ಕಿಬಿದ್ದ ಮೀನು, ಮರಳಿನ ಏಡಿ, ಚಿಪ್ಪು, ತೆರೆ ತಂದೆಸೆದ ಹೆಣ. ಎಲ್ಲ ಒಂದೇ ಗೆರೆಯ ಮೇಲೆ ಸಾಲಾಗಿ ಬಿದ್ದಿರುತ್ತವೆ. ಆ ಗೆರೆ ಹಿಡಿದು ನಡೆದರೆ ಸಾಕು. ಜಗತ್ತಿನ ಎಷ್ಟೋ ನರಿಗಳು ಹಾಗೆಯೇ ನಡೆಯುತ್ತವೆ. ಮನುಷ್ಯ ಕಾಲಿಡುವುದಕ್ಕೆ ಮುಂಚೆ ಐಸ್‌ಲ್ಯಾಂಡಿನ ನೆಲದಲ್ಲಿದ್ದ ಒಂದೇ ಸಸ್ತನಿ ಹಿಮನರಿ. ಅಲ್ಲಿ ಕಡಲ ಕಡೆಯ ನರಿಗಳಿಗೆ ಕಡಲಹಕ್ಕಿ, ಮೀನು, ಸೀಲ್‌ಗಳ ಹೆಣ ಎಂದು ವರ್ಷವಿಡೀ ಊಟ. ಒಳನಾಡಿನವು ನೆಲದ ಹಕ್ಕಿಗಳನ್ನು ನಂಬಿ ಬದುಕಬೇಕು. ಸೊರಬ ಮತ್ತು ಶಿಕಾರಿಪುರದ ಪೂರ್ವದ ಬಯಲಿನ ನಡುವಿನ ವ್ಯತ್ಯಾಸವೇ, ಬರೀ ಹಿಮ ಹೆಚ್ಚು.

ದಂಡೆಯ ಊಟಕ್ಕೆ ಬೆಲೆಯೂ ಇದೆ. 2013ರಲ್ಲಿ ಪ್ರಕಟವಾದ ಅಧ್ಯಯನವೊಂದು ಐಸ್‌ಲ್ಯಾಂಡಿನ ಕರಾವಳಿಯ ನರಿಗಳ ಮೈಯಲ್ಲಿ ಒಳನಾಡಿನವುಗಳಿಗಿಂತ ಹೆಚ್ಚು ಪಾದರಸವಿದೆ ಎಂದು ತೋರಿಸಿತು. ರಷ್ಯಾದ ಮೆಡ್ನಿ ದ್ವೀಪದಲ್ಲಿ ಕಡಲಿನ ಊಟವನ್ನೇ ನಂಬಿದ ಹಿಮನರಿಗಳಲ್ಲೂ ಅದೇ ಕಥೆ. ಕಾರ್ಖಾನೆ ಎಲ್ಲೋ, ಪಾದರಸ ಮೀನಿಗೆ, ಮೀನಿನಿಂದ ಹಕ್ಕಿಗೆ, ಹಕ್ಕಿಯಿಂದ ನರಿಗೆ.

ನಮ್ಮ ಗದ್ದೆಗಳಲ್ಲಿ ದಾರಿ ಇನ್ನೂ ಚಿಕ್ಕದು. ಏಡಿ ಬದುವಿಗೆ ತೂತು ಹಾಕಿ ಗದ್ದೆಯ ನೀರನ್ನೆಲ್ಲ ಸೋರಿಸಿಬಿಡುತ್ತದೆ. ಬೆಳಿಗ್ಗೆ ಎದ್ದು ನೋಡಿದರೆ ನಾಟಿ ಮಾಡಿದ ಗದ್ದೆ ಒಣಗಿ ನಿಂತಿರುವುದನ್ನು ಕಂಡವರಿಗೆ ಆ ಸಿಟ್ಟು ಗೊತ್ತು. ಅದಕ್ಕೆ ಹರಳು ವಿಷವನ್ನು ಅನ್ನಕ್ಕೆ ಕಲಸಿ ಬಿಲದ ಬಾಯಿಗೆ ಇಡುವ ಅಭ್ಯಾಸ ಬಂತು. ಆ ಕೆಲಸಕ್ಕೆ ಬಳಸುತ್ತಿದ್ದ ಫೊರೇಟ್‌ ಅನ್ನು ಕೇಂದ್ರ ಸರ್ಕಾರ 2018ರ ಆದೇಶದಲ್ಲಿ ಪಟ್ಟಿ ಮಾಡಿ, 2020ರ ಡಿಸೆಂಬರ್ 31ರಿಂದ ನಿಷೇಧಿಸಿತು. ವಿಷ ತಿಂದ ಏಡಿ ಬಿಲದಿಂದ ಹೊರಬಂದು ಬದುವಿನ ಮೇಲೆ ತೂರಾಡುತ್ತದೆ. ಕಾಯುವ ತಾಳ್ಮೆಯೂ ಬೇಡ, ನರಿಗೆ ಸುಲಭದ ತುತ್ತು. ಗದ್ದೆ ಏಡಿಯ ಮೇಲೆ ನಮ್ಮ ಕಡೆಯವರಿಗೆ ಹಳೆಯ ಭಯವೂ ಇದೆ. 1975ರ ಸುಮಾರಿಗೆ ಸಾಗರ ತಾಲ್ಲೂಕಿನ ಹಂದಿಗೋಡಿನಲ್ಲಿ ಜನರ ಕೀಲುಗಳು ಸವೆದು ನಡೆಯಲಾರದಂತಾದಾಗ ಮೊದಲ ಅನುಮಾನ ಬಿದ್ದದ್ದು ಕೀಟನಾಶಕ ಬಿದ್ದ ಗದ್ದೆಯ ಏಡಿ, ಮೀನುಗಳ ಮೇಲೆ. ಆಮೇಲಿನ ಸಂಶೋಧನೆ ಅದು ವಂಶಪಾರಂಪರ್ಯದ ಕಾಯಿಲೆ ಎಂದಿತು. ಏಡಿ ಆರೋಪದಿಂದ ಬಿಡುಗಡೆಯಾಯಿತು, ವಿಷದಿಂದ ಆಗಲಿಲ್ಲ.

ಇನ್ನು ನಾಯಿ. ಆಸ್ಟ್ರೇಲಿಯಾದ ವಾರ್ನಂಬೂಲ್ ಪಟ್ಟಣದ ಎದುರಿಗೇ ಮಿಡ್ಲ್ ಐಲೆಂಡ್ ಎಂಬ ಪುಟ್ಟ ನಡುಗಡ್ಡೆಯಿದೆ. ಅಲ್ಲಿ ಪುಟಾಣಿ ಪೆಂಗ್ವಿನ್‌ಗಳ ಬೀಡು. ಬ್ರಿಟಿಷರು ಬೇಟೆಯ ಶೋಕಿಗೆ ಆ ದೇಶಕ್ಕೆ ತಂದುಬಿಟ್ಟ ಕೆಂಪು ನರಿಗಳು, ನೀರು ಇಳಿದ ಹೊತ್ತಿನಲ್ಲಿ ದಂಡೆಯಿಂದ ನಡುಗಡ್ಡೆಗೆ ದಾಟುವುದನ್ನು ಕಲಿತವು. ನೂರಾರು ಇದ್ದ ಪೆಂಗ್ವಿನ್‌ಗಳು 2005ರ ಹೊತ್ತಿಗೆ ಹತ್ತಕ್ಕಿಂತ ಕಡಿಮೆಯಾದವು. 2006ರಲ್ಲಿ ಕುರಿ ಕಾಯುವ ಮರೆಮ್ಮಾ ನಾಯಿಗಳನ್ನು ಅಲ್ಲಿ ಬಿಟ್ಟರು. ನಾಯಿಯ ವಾಸನೆ, ಬೊಗಳು ಸಾಕಾಯಿತು, ಪೆಂಗ್ವಿನ್‌ಗಳು ಮತ್ತೆ ಹೆಚ್ಚಿದವು. ಈ ಬಗ್ಗೆ 2015ರಲ್ಲಿ ‘ಆಡ್‌ಬಾಲ್’ ಎಂಬ ಸಿನಿಮಾವೇ ಬಂತು. ಅಲ್ಲಿ ಪುಣ್ಯದ ಕೆಲಸವಾದದ್ದು ನಮ್ಮಲ್ಲಿ ತಿರುಗುಮುರುಗಾಗಿ ನಡೆಯುತ್ತಿದೆ. ಮಹಾರಾಷ್ಟ್ರದ ನಾನ್ನಜ್‌ನಲ್ಲಿ ಅಬಿ ವನಕ್ ಮತ್ತು ಜೊತೆಯವರು ನಡೆಸಿದ ಅಧ್ಯಯನದಲ್ಲಿ, ನಾಯಿ ಹತ್ತಿರವಿದ್ದರೆ ಕೊಂಕನರಿಗಳು ಎದುರಿಗಿದ್ದ ಆಹಾರವನ್ನೂ ಬಿಟ್ಟು ಹಿಂಜರಿಯುವುದು ಕಂಡುಬಂತು. ನಾಯಿ ಕಚ್ಚಬೇಕೆಂದೇನೂ ಇಲ್ಲ, ಇದ್ದರೆ ಸಾಕು. ಜೊತೆಗೆ ಹುಚ್ಚು, ಡಿಸ್ಟೆಂಪರ್ ರೋಗಗಳು ನಾಯಿಯಿಂದ ನರಿಗೆ ದಾಟುತ್ತವೆ. ಈಗ ಕೆರೆಗಳ ದಂಡೆಯಲ್ಲಿ ಕೋಳಿ ಅಂಗಡಿಯ ತ್ಯಾಜ್ಯ ಸುರಿಯುತ್ತಾರೆ, ಅದರ ಹಿಂದೆ ನಾಯಿ ಹಿಂಡು ಬರುತ್ತದೆ. ದಂಡೆಯ ಮೊದಲ ಸರದಿ ನಾಯಿಯದ್ದಾದ ಮೇಲೆ ನರಿ ಇನ್ನಷ್ಟು ರಾತ್ರಿಯಾಗಲು ಕಾಯಬೇಕು.

ಕಾನೂನಿನ ಪುಸ್ತಕದಲ್ಲಿ ನರಿಯ ಸ್ಥಾನ ಮೇಲೇರಿದೆ. ವನ್ಯಜೀವಿ ಕಾಯ್ದೆಯ 2022ರ ತಿದ್ದುಪಡಿಯಲ್ಲಿ ಎರಡೂ ನರಿಗಳು ಒಂದನೇ ಪರಿಶಿಷ್ಟಕ್ಕೆ, ಹುಲಿ ಇರುವ ಪಟ್ಟಿಗೆ ಬಂದವು. ಅಷ್ಟಾದರೂ ‘ನರಿಕೊಂಬು’ ಎಂದು ಕೂದಲು ಸುತ್ತಿದ ಎಲುಬಿನ ತುಂಡನ್ನು ಅದೃಷ್ಟದ ಹೆಸರಲ್ಲಿ ಮಾರುವವರು ನಿಂತಿಲ್ಲ. ನರಿಗೆ ಕೊಂಬಿಲ್ಲ. ಇದನ್ನು ಹೇಳಬೇಕಾಗಿ ಬರುವುದೇ ತಮಾಷೆ.

ನೆಲದ ಬದಲಾವಣೆ ಎಲ್ಲರಿಗೂ ಕಾಣುತ್ತಿದೆ. ಹುಲ್ಲಿನ ಬ್ಯಾಣ ಹೋಗಿ ಅಕೇಶಿಯಾ, ಗದ್ದೆ ಹೋಗಿ ಅಡಿಕೆ, ಶಿಕಾರಿಪುರದ ಕಡೆ ಕಣ್ಣು ಹಾಯಿಸಿದಷ್ಟೂ ಮೆಕ್ಕೆಜೋಳ. ನಾನು ಯೋಚಿಸುವುದು ಇನ್ನೊಂದು, ಕಡಿಮೆ ಕಾಣುವ ಬದಲಾವಣೆ. ಶಿಕಾರಿಪುರದಲ್ಲಿ ಉಡುಗಣಿ–ತಾಳಗುಂದ–ಹೊಸೂರು ಏತ ನೀರಾವರಿ, ಸೊರಬದಲ್ಲಿ ಮೂಡಿ ಯೋಜನೆ. ಹೊಳೆಯ ನೀರನ್ನು ಎತ್ತಿ ಕೆರೆ ತುಂಬಿಸುವ ಕೆಲಸ. ರೈತರಿಗೆ ಇದು ಬೇಕಾಗಿದ್ದದ್ದೇ, ಒಣಗುವ ತೋಟದ ಮುಂದೆ ನಿಂತವರಿಗೆ ನರಿಯ ಕಥೆ ಹೇಳುವ ಧೈರ್ಯ ನನಗಿಲ್ಲ. ಆದರೆ ಬೇಸಿಗೆಯಲ್ಲೂ ಇಳಿಯದ ಕೆರೆಗೆ ಅಂಗಳವಿರುವುದಿಲ್ಲ. ಕೂಣಿ ಊರುವ ನೀರೂ ಇಲ್ಲ, ಹೆಜ್ಜೆ ಮೂಡುವ ಕೆಸರೂ ಇಲ್ಲ. ತುಂಬಿದ ಕೆರೆಯನ್ನು ಮೀನು ಸಾಕಲು ಗುತ್ತಿಗೆ ಕೊಟ್ಟರೆ ಬಲೆ ಬರುತ್ತದೆ, ಕಾವಲುಗಾರ ಬರುತ್ತಾನೆ, ಕಾವಲುಗಾರನ ಜೊತೆ ನಾಯಿ ಬರುತ್ತದೆ. ನರಿ ಜೋಳದ ಹೊಲಕ್ಕೆ ತಿರುಗುತ್ತದೆ, ಅಲ್ಲಿ ಹಂದಿಗೆಂದು ಕಟ್ಟಿದ ತಂತಿ ಇರುತ್ತದೆ.

ಟಾರ್ಚ್ ಸಿಕ್ಕಿತು. ಮಳೆ ಹಿಡಿದ ಮೇಲೆ ಕೋಡಿಯ ಕಸ ತೆಗೆಯುವಾಗ ಪಕ್ಕದ ಮನೆಯ ಹುಡುಗನ ಕೈಗೆ ಬಂತಂತೆ, ಏರಿಯ ಆಚೆ ಮಗ್ಗುಲಿನ ಪೊದೆಯ ಬುಡದಲ್ಲಿ. ಗಾಜು ಗಟ್ಟಿಯಾಗಿತ್ತು. ಕೈಗೆ ಸಿಕ್ಕಿಸಿಕೊಳ್ಳುವ ಚರ್ಮದ ಪಟ್ಟಿ ಮಾತ್ರ ಇರಲಿಲ್ಲ, ಬುಡದಲ್ಲಿ ಹಲ್ಲಿನ ಗುರುತಿನ ಒಂದು ಚೂರು ಉಳಿದಿತ್ತು. ನರಿಯೋ ನಾಯಿಯೋ ಎಂದು ಜಗಲಿಯಲ್ಲಿ ಚರ್ಚೆಯಾಯಿತು. ದನ ಹೊಡೆದುಕೊಂಡು ಹೋಗುವ ಆ ಹಿರಿಯರು ಟಾರ್ಚನ್ನು ತಿರುಗಿಸಿ ತಿರುಗಿಸಿ ನೋಡಿ, “ನಾಯಿ ಆಗಿದ್ರೆ ಮನೆತನಕ ತಂದು ಹಾಕ್ತಿತ್ತು” ಎಂದು ಹೇಳಿ, ಒತ್ತಿ ನೋಡಿದರು. ಹತ್ತಲಿಲ್ಲ.